ಬಾಲ್ಕನಿಗೆ ಬಂದ ಜೇನು

ಅಡುಗೆಮನೆ, ನಡುಮನೆ ಮುಗಿಸಿ ಪೊರಕೆ ಬಾಲ್ಕನಿಯ ಹೊಸ್ತಿಲು ದಾಟಿತ್ತು. ಹೊಲಿಗೆ ಯಂತ್ರದ ಬುಡದಲ್ಲಿದ್ದ ದಾರದ ತುಣುಕು, ಮಗಳ ಕೂದಲು, ಅತ್ತೆ ಚಹಾದಲ್ಲಿ ಅದ್ದಿ ತಿನ್ನುವ ಬ್ರೆಡ್ಡಿನ ಪುಡಿ, ಎಲ್ಲರ ಕಸವನ್ನೂ ಒಂದೇ ಗುಡ್ಡೆ ಮಾಡಿಕೊಂಡು ಸೊಸೆ ಕುಂಡಗಳ ಕಡೆ ಸರಿದಳು. ಹಗ್ಗದ ಮೇಲೆ ಒಣಗಿದ್ದ ಗಂಡನ ಬೂದಿ ಬಣ್ಣದ ಅಂಗಿಯ ತೋಳು ತಲೆಗೆ ತಗುಲಿತು. ಅದನ್ನು ಪಕ್ಕಕ್ಕೆ ಸರಿಸಿ, ಬಗ್ಗಿ, ಪುದೀನದ ಕುಂಡದ ಹಿಂದಕ್ಕೆ ಪೊರಕೆ ಹಾಕಿದಾಗ ಕಾಳುಗಳ ಹಾಗೆ ಏನೋ ಉರುಳಿ ಬಂತು.

ಜೇನು. ಇವತ್ತೂ.

ಒಂದು ಮಾತ್ರ ಇನ್ನೂ ಜೀವ ಹಿಡಿದುಕೊಂಡಿತ್ತು. ಅಂಗಾತ ಬಿದ್ದು, ಎದ್ದೇಳಲಾರದೆ, ನೆಲದಲ್ಲೇ ಗಿರ್ರೆಂದು ಸುತ್ತುತ್ತಿತ್ತು. ಅವಳು ಅದನ್ನು ಒಂದು ಕಾಗದದ ಚೂರಿನ ಮೇಲೆ ಎತ್ತಿ ಬಿಸಿಲಿಗೆ ಹಿಡಿದಳು. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು.

ನಿನ್ನೆಯೂ ಹೀಗೇ. ಮೊನ್ನೆಯೂ ಹೀಗೇ. ತಾನಾಗಿ ಸಾಯುವುದಾದರೆ ಇಷ್ಟೊಂದು, ಅದೂ ಒಂದೇ ಜಾಗದಲ್ಲಿ ಸಾಯುತ್ತವೆಯೇ? ಯಾರೋ ಏನೋ ಹಾಕುತ್ತಿದ್ದಾರೆ. ಹೊರಗಿನವರು ಮೂರನೇ ಮಹಡಿಗೆ ಹಾರಿ ಬಂದು ಹಾಕಲಾರರು.

ಒಳಗೆ ಅತ್ತೆ ಬಕೆಟ್ಟಿನಿಂದ ನೀರು ಮೊಗೆಯುವ ಸದ್ದಾಯಿತು. ಸೊಸೆ ಪೊರಕೆ ನಿಲ್ಲಿಸಿ ಕಿವಿಗೊಟ್ಟಳು.

ಕುಂಡಗಳ ರಾಮಾಯಣ ಶುರುವಾಗಿದ್ದು ಆ ಅತ್ತೆಯಿಂದಲೇ. ಖಾಲಿ ಬಣ್ಣದ ಡಬ್ಬಿಯ ತಳಕ್ಕೆ ತೂತು ಹೊಡೆಸಿ ಅವರು ಒಂದು ಸೌತೆ ಬಳ್ಳಿ ಹಬ್ಬಿಸಿದ್ದರು. ಬಳ್ಳಿ ಸೊಂಪಾಗಿತ್ತು, ಹೂವೂ ಬಿಟ್ಟಿತು. ಆದರೆ ಕಿರುಬೆರಳಷ್ಟು ಕಾಯಿ ಆಗುವುದು, ಹಳದಿಯಾಗುವುದು, ಉದುರುವುದು.

“ನೀನು ಒಗೆದು ಹಾಕ್ತೀಯಲ್ಲ, ಆ ಬಟ್ಟೆ ಸೋಪಿನ ನೀರು ತೊಟ್ಟಿಕ್ಕಿ ಹೀಗಾಗ್ತಿದೆ” ಅಂದರು ಅತ್ತೆ.

“ಹೌದು ಅತ್ತೆ, ಸೌತೆಕಾಯಿ ಮೇಲೆ ನನಗೆ ಹಳೇ ದ್ವೇಷ.”

ಆದರೂ ಮಾತು ಬೇಡವೆಂದು ಸೊಸೆ ಬಟ್ಟೆಗಳನ್ನೆಲ್ಲ ಬಚ್ಚಲ ಮನೆಯ ಹಗ್ಗಕ್ಕೆ ಬದಲಾಯಿಸಿದಳು. ಗಂಡನ ಅಂಗಿಯೊಂದು ಮಾತ್ರ ಬಾಲ್ಕನಿಯಲ್ಲೇ ಉಳಿಯಿತು. ಅದಕ್ಕೆ ಅವಳು ಸೋಪು ಹಾಕುತ್ತಿರಲಿಲ್ಲ. ಸೂಪರ್‌ವೈಸರನ ಅಂಗಿ, ಕೂತು ಮಾಡುವ ಕೆಲಸ, ಕೊಳೆ ಎಲ್ಲಿಂದ ಬರಬೇಕು? ದಿನಾ ಸಂಜೆ ಬರೀ ನೀರಲ್ಲಿ ಅದ್ದಿ, ಹಿಂಡದೆ ಹಾಕಿದರೆ ಬೆಳಿಗ್ಗೆಗೆ ಒಣಗಿರುತ್ತಿತ್ತು, ಬಣ್ಣವೂ ಉಳಿಯುತ್ತಿತ್ತು.

ಬಟ್ಟೆಯ ಜಾಗ ಬದಲಾಯಿಸಿದರೂ ಕಾಯಿ ನಿಲ್ಲಲಿಲ್ಲ. ಆಗ ತೀರ್ಪು ಕೊಟ್ಟವಳು ಕಾಲೇಜಿಗೆ ಹೋಗುವ ಮಗಳು. ಅವಳು ಎಲ್ಲರ ಬಾಯಲ್ಲೂ ಗುಬ್ಬಿ.

“ಅಜ್ಜಿ, ಸೋಪೂ ಇಲ್ಲ, ಗೀಪೂ ಇಲ್ಲ. ಗಂಡು ಹೂವು ಅಲ್ಲಿದೆ, ಹೆಣ್ಣು ಹೂವು ಇಲ್ಲಿದೆ. ಮಧ್ಯೆ ಓಡಾಡೋರು ಯಾರೂ ಇಲ್ಲ.”

“ಮದುವೆ ದಲ್ಲಾಳಿ ಬೇಕು ಅನ್ನು.”

“ಜೇನು ಬೇಕು. ಜೇನಿಗೆ ಇಷ್ಟ ಆಗೋ ಹೂವಿನ ಕುಂಡ ಪಕ್ಕದಲ್ಲಿಟ್ರೆ ತಾವೇ ಬರ್ತವೆ.”

“ಮೂರು ಮಹಡಿ ಹತ್ತಿ ಬರ್ತಾವಾ? ಲಿಫ್ಟೂ ಇಲ್ಲ ಈ ಕಟ್ಟಡಕ್ಕೆ!”

ಮುಂದಿನ ರಜೆಯ ದಿನ ಗಂಡ ಮೂರು ಕುಂಡ ಹೊತ್ತು ಏದುಸಿರು ಬಿಡುತ್ತ ಬಂದ. ಮುಷ್ಟಿ ಗಾತ್ರದ ಚೆಂಡುಹೂ, ಎಸಳಿನ ಮೇಲೆ ಎಸಳು. ಬಾಲ್ಕನಿ ಜಗ್ಗನೆ ಬೆಳಗಿತು. ವಾರ ಕಳೆದರೂ ಒಂದು ಜೇನೂ ಇಣುಕಲಿಲ್ಲ. ಗುಬ್ಬಿ ಒಂದು ಹೂವನ್ನು ಬಿಡಿಸಿ ತೋರಿಸಿದಳು. “ಅಪ್ಪ, ಬರೀ ಎಸಳು. ಒಳಗೆ ಹೋಗೋಕೆ ದಾರೀನೇ ಇಲ್ಲ.”

“ಬಾಗಿಲಿಗೆಲ್ಲ ಪರದೆ ಇಳಿಬಿಟ್ಟು, ಒಳಗೆ ಒಲೇನೇ ಹಚ್ಚದ ಮನೆ ಇದ್ದಂಗೆ” ಎಂದರು ಅತ್ತೆ.

“ಚೆಂದ ಇರೋದೆಲ್ಲ ಉಪಯೋಗಕ್ಕೆ ಬರಲ್ಲ. ಅದನ್ನ ನನ್ನ ನೋಡೇ ತಿಳ್ಕೋಬೇಕಿತ್ತು ನೀವು” ಅಂದ ಗಂಡ ಮೀಸೆ ತಿರುವಿ. ಆಮೇಲೆ ಕೆಮ್ಮಿದ.

ಸೊಸೆ ತನ್ನ ಷರತ್ತು ಹಾಕಿದಳು. “ಒಂದಿನ ನೀರು ಮರೆತರೂ ಸಾಯಬಾರದು, ಗೊಬ್ಬರ ಔಷಧಿ ಅಂತ ಕೇಳಬಾರದು, ಅಂಥದ್ದಿದ್ರೆ ಇಡಿ. ನಾನು ಪರದೆ ಹೊಲೀಲೋ, ನಿಮ್ಮ ಗಿಡಕ್ಕೆ ತೊಟ್ಟಿಲು ತೂಗಲೋ?”

ಹಾಗಾಗಿ ಆರಿಸಿದ್ದೆಲ್ಲ ಹೇಳಿದ ಮಾತು ಕೇಳುವ ಗಿಡಗಳನ್ನೇ. ಒಂದು ಹಿಡಿ ಮಣ್ಣಿದ್ದರೂ ಬದುಕುವ ಕಾಮಕಸ್ತೂರಿ. ಸಂತೆಯಿಂದ ತಂದ ಕಟ್ಟಿನಲ್ಲಿ ಮಿಕ್ಕಿದ ಪುದೀನದ ಕಡ್ಡಿ. ಡಬ್ಬಿಯಿಂದ ತೆಗೆದು ಹಾಗೇ ಚೆಲ್ಲಿದ ಸಾಸಿವೆ. ಕೆಳಮನೆಯ ದರ್ಜಿ ಹೆಂಗಸು ಚಿವುಟಿ ಕೊಟ್ಟ, ಒಂದೇ ಸುತ್ತು ಎಸಳಿನ ಟೇಬಲ್ ರೋಸ್. ಎಲ್ಲವನ್ನೂ ಒಂದಕ್ಕೊಂದು ಒತ್ತಿ, ಬಿಸಿಲು ಹೆಚ್ಚು ಬೀಳುವ ಮೂಲೆಯಲ್ಲಿ ಇಡಬೇಕೆಂದಳು ಗುಬ್ಬಿ. ಆ ಮೂಲೆಯಲ್ಲಿ ಅತ್ತೆಯ ಕುರ್ಚಿ ಇತ್ತು. ಕುರ್ಚಿ ಒಳಗೆ ಹೋಯಿತು.

“ನನಗಿಂತ ಸಾಸಿವೆ ಗಿಡ ಹೆಚ್ಚಾಯ್ತು” ಎಂದು ಅತ್ತೆ ಮೂರು ದಿನ ಗೊಣಗಿದರು. ಪುದೀನ ಕೊಯ್ಯಲು ಹೋದರೆ, “ಅಜ್ಜಿ, ಹೂವು ಬಿಡ್ಲಿ ಬಿಡು” ಎಂದು ಮೊಮ್ಮಗಳು ಕೈ ಹಿಡಿಯುವಳು. “ತಿನ್ನೋಕೂ ಇಲ್ಲ, ಕೂರೋಕೂ ಇಲ್ಲ. ಮುಚ್ಚಿಟ್ಟು ಪೂಜೆ ಮಾಡಿ!”

ಆದರೆ ಸಾಸಿವೆ ಹಳದಿ ಹೂ ಬಿಟ್ಟ ಬೆಳಿಗ್ಗೆ ಮೊದಲ ಜೇನು ಬಂದಾಗ ಎಲ್ಲರಿಗಿಂತ ಮೊದಲು ಕೂಗಿದ್ದೂ ಅತ್ತೆಯೇ. “ಬಂದ್ಳು ಕಣೇ ದಲ್ಲಾಳಿ!” ಮನೆಯೇ ಬಾಲ್ಕನಿಯ ಬಾಗಿಲಲ್ಲಿ ಜಮಾಯಿಸಿತು. ಸೌತೆಯ ಒಂದು ಕಾಯಿ ನಿಂತಿತು, ದಪ್ಪವಾಯಿತು. ಕೆಳಮನೆಯ ದರ್ಜಿ ಮೆಟ್ಟಿಲಲ್ಲಿ ಸಿಕ್ಕಾಗ ನಕ್ಕಳು. “ಚೆನ್ನಾಗಿದೆ ನಿಮ್ಮ ಸಂಸಾರ. ಅಪ್ಪ ಹುಳ ಕೊಲ್ಲೋದು, ಮಗಳು ಹುಳ ಸಾಕೋದು!”

ಅವಳು ಹಾಗೆ ಅಂದದ್ದು ಸುಳ್ಳೇನಲ್ಲ. ಮನೆ, ಹೋಟೆಲು, ಗೋದಾಮುಗಳ ಜಿರಲೆ ಗೆದ್ದಲಿಗೆ ಔಷಧಿ ಹೊಡೆಯುವ ಕಂಪನಿಯಲ್ಲಿ ಗಂಡನ ಕೆಲಸ. ಎಷ್ಟೋ ವರ್ಷ ಬೆನ್ನಿಗೆ ಟ್ಯಾಂಕ್ ಹೊತ್ತು ತಿರುಗಿದ್ದ. ಆಗ ಕೆಲಸದ ಬಟ್ಟೆ ಮನೆಗೆ ಬರುತ್ತಿರಲಿಲ್ಲ, ಅಲ್ಲೇ ಕಳಚಿ ಅಲ್ಲೇ ಒಗೆಯುತ್ತಿದ್ದರು. ಕೆಮ್ಮು ಎದೆಯಲ್ಲಿ ಮನೆ ಮಾಡಿದಾಗ ಡಾಕ್ಟರು, “ಆ ಟ್ಯಾಂಕ್ ಇನ್ನು ನಿಮ್ಮ ಬೆನ್ನಿಗೆ ಹತ್ತಬಾರದು. ಹತ್ತಿದ್ರೆ ನನ್ನ ಹತ್ರ ಬರಬೇಡಿ” ಅಂದಿದ್ದರು. ಕಳೆದ ವರ್ಷ ಕಂಪನಿ ಅವನನ್ನು ಸೂಪರ್‌ವೈಸರ್ ಮಾಡಿತು. ಬೂದಿ ಬಣ್ಣದ ಅಂಗಿ, ಜೇಬಲ್ಲಿ ಪೆನ್ನು. ಆ ಅಂಗಿಗೆ ಅವನೇ ಇಸ್ತ್ರಿ ಹಾಕಿಕೊಳ್ಳುತ್ತಿದ್ದ. ಗೆರೆ ಒಂಚೂರು ಆಚೀಚೆ ಆದರೂ ಅವನಿಗೆ ಸರಿಬರುತ್ತಿರಲಿಲ್ಲ.

ಆ ಅಂಗಿಯ ಗತ್ತಿನಲ್ಲೇ ಅವನು ಹೆಂಡತಿಗೆ ಒಂದು ಮಾತೂ ಅಂದಿದ್ದ. ಅವಳು ಮನೆಯಲ್ಲೇ ಪರದೆ ಹೊಲಿದು ಕೊಡುತ್ತಿದ್ದ ಅಂಗಡಿಯ ಯಜಮಾನಿ, “ನನಗೆ ಬಟ್ಟೆ ಕತ್ತರಿಸೋ ಕೈ ಬೇಕು. ಬಾ, ತಿಂಗಳ ಸಂಬಳ ಕೊಡ್ತೀನಿ, ಬೆಳಿಗ್ಗೆಯಿಂದ ಸಂಜೆ ಇರು” ಎಂದು ಕರೆದಿದ್ದಳು. ಗಂಡ ನಕ್ಕುಬಿಟ್ಟ. “ಸೂಪರ್‌ವೈಸರ್ ಹೆಂಡ್ತಿ ಅಂಗಡೀಲಿ ಕತ್ತರಿ ಹಿಡ್ಕೊಂಡು ನಿಲ್ಲೋದಾ? ಬೇಡ ಬಿಡು. ಈಗ ಏನು ಕಮ್ಮಿ ಆಗಿದೆ?” ಅವಳೂ ಬಿಟ್ಟಿದ್ದಳು. ಯಜಮಾನಿ ಮಾತ್ರ ಪ್ರತಿ ಸಲ ಪರದೆ ಎಣಿಸಿಕೊಳ್ಳುವಾಗ ಅದನ್ನೇ ಕೇಳುತ್ತಿದ್ದಳು.

ಜೇನು ಸಾಯತೊಡಗಿದ್ದು ಸೌತೆಕಾಯಿ ಬೆರಳುದ್ದ ಆಗಿ, ಕಾಮಕಸ್ತೂರಿಯೂ ಹೂ ಬಿಟ್ಟ ಮೇಲೆ. ಸೊಸೆ ಮೊದಲು ಕೆಳಮನೆಯ ದರ್ಜಿಯನ್ನು ಶಂಕಿಸಿದಳು. ಅವಳ ಬಾಲ್ಕನಿಯಲ್ಲಿ ಜೇನೂ ಇಲ್ಲ, ಔಷಧಿಯೂ ಇಲ್ಲ. ಆಮೇಲೆ ಗುಬ್ಬಿಯ ತಲೆಗೆ ಹಚ್ಚುವ ಪರಿಮಳದ ಬಾಟಲಿ ಮೂಸಿ ನೋಡಿದಳು. ಗುಬ್ಬಿ ಸಿಟ್ಟಾಗಿ, “ನನ್ನ ಜೇನಿಗೆ ನಾನೇ ವಿಷ ಹಾಕ್ತೀನಾ? ನಿನಗೇನಾಗಿದೆ ಅಮ್ಮ?” ಅಂದಳು.

ಉಳಿದದ್ದು ಅತ್ತೆ. ಒಮ್ಮೆ ಆ ಕಡೆ ತಿರುಗಿದ ಅನುಮಾನಕ್ಕೆ ಎಲ್ಲವೂ ಸಾಕ್ಷಿಯಾಗಿ ಕಂಡಿತು. ಕುರ್ಚಿಯ ಕೋಪ. ಪುದೀನದ ಕೋಪ. ರಜೆಯ ಮರುದಿನ ಒಂದೂ ಜೇನು ಸಾಯುತ್ತಿರಲಿಲ್ಲ, ಸೊಸೆ ಅದನ್ನೂ ಗಮನಿಸಿದಳು. ರಜೆಯಲ್ಲಿ ಮಗ ಮನೆಯಲ್ಲಿರುತ್ತಾನಲ್ಲ, ಅವನೆದುರು ಅತ್ತೆಗೆ ಧೈರ್ಯ ಸಾಲದು ಎಂದು ಲೆಕ್ಕ ಹಾಕಿಕೊಂಡಳು.

ಒಂದು ಬೆಳಿಗ್ಗೆ ಕಣ್ಣಾರೆ ಕಂಡೂ ಬಿಟ್ಟಳು. ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ. ಅತ್ತೆ ಬಾಲ್ಕನಿಯಲ್ಲಿ ಮಗ್ಗು ಹಿಡಿದು ಬಗ್ಗಿದ್ದರು. ಬುಡಕ್ಕಲ್ಲ, ಹೂವಿನ ನೆತ್ತಿಗೇ ಸುರಿಯುತ್ತಿದ್ದರು. ಸುರಿದು, ಎಲೆಯನ್ನು ಮೂಗಿಗೆ ಹಿಡಿದು ಮೂಸುತ್ತಿದ್ದರು. ಅವರ ಕಣ್ಣು ಮಂಜಾಗಿದ್ದರೂ ಮೂಗು ಭಾರಿ ಚುರುಕು. ಹಾಲು ಸೀದರೆ ಮೆಟ್ಟಿಲ ಬುಡದಲ್ಲೇ ಹೇಳುವವರು.

“ಏನತ್ತೆ ಅದು?”

ಅತ್ತೆ ಬೆಚ್ಚಿ ಮಗ್ಗನ್ನು ಸೆರಗಿನಲ್ಲಿ ಮುಚ್ಚಿಕೊಂಡರು. “ನೀರು ಕಣೇ. ನೀರೂ ಹಾಕಬಾರದಾ?”

ಅಂದು ರಾತ್ರಿಯ ಊಟಕ್ಕೆ ಅನ್ನ, ಬೇಳೆ, ಬೇಯಿಸಿದ ಮೊಟ್ಟೆ ಇತ್ತು. ತಲೆಯಲ್ಲಿ ಹುಳ ಬಿಟ್ಟುಕೊಂಡವಳಿಗೆ ಯಾವುದೂ ರುಚಿಸಲಿಲ್ಲ.

“ಅಮ್ಮ, ಯಾರು ಮಾಡ್ತಿದ್ದಾರೆ ಗೊತ್ತಾಯ್ತಾ?” ಗುಬ್ಬಿ ಕೇಳಿದಳು.

“ಗೊತ್ತಿರೋರು ಇಲ್ಲೇ ಊಟಕ್ಕೆ ಕೂತಿದ್ದಾರೆ. ಅವರೇ ಹೇಳ್ಲಿ.”

ಗುಬ್ಬಿ ನಕ್ಕಳು. “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ಎಲ್ಲರೂ ಕೈ ಕೆಳಗಿಡಿ, ಯಾರು ಮುಟ್ಕೋತಾರೆ ನೋಡ್ತೀನಿ! ಅಯ್ಯೋ, ಅಪ್ಪ!”

ಗಂಡ ಎಡಗೈಯಲ್ಲಿ ಹೆಗಲು ತಿಕ್ಕಿಕೊಳ್ಳುತ್ತಿದ್ದವನು ಕೈ ತೆಗೆದ. “ಬಸ್ಸಲ್ಲಿ ಕಂಬಿ ಹಿಡಿದು ನಿಂತೂ ನಿಂತೂ ಹಿಡ್ಕೊಂಡಿದೆ ಕಣೇ.” ಎಲ್ಲರೂ ನಕ್ಕರು. ಸೊಸೆ ನಗಲಿಲ್ಲ.

“ಅತ್ತೆ, ಬೆಳಿಗ್ಗೆ ಮಗ್ಗಲ್ಲಿ ಏನಿತ್ತು?”

“ನೀರು ಅಂದ್ನಲ್ಲ.”

“ನೀರು ಹಾಕೋಕೆ ಕಳ್ಳಬೆಕ್ಕಿನ ಥರ ಕತ್ತಲಲ್ಲಿ ಯಾಕೆ ಹೋಗ್ಬೇಕು? ಅದೂ ಬುಡ ಬಿಟ್ಟು ಹೂವಿನ ಮೇಲೆ? ಮೂಸಿ ಬೇರೆ ನೋಡ್ತಿದ್ರಿ.”

“ಏ, ಬಿಡೇ. ಹುಳ ಸತ್ರೆ ಸಾಯ್ಲಿ” ಅಂದ ಗಂಡ.

“ಹುಳದ ಮಾತಲ್ಲ ರೀ. ಮನೇಲಿ ಯಾರು ಏನು ಮಾಡ್ತಿದ್ದಾರೆ ಅಂತ ನನಗೆ ತಿಳೀಬೇಕು. ಇವತ್ತು ಗಿಡಕ್ಕೆ, ನಾಳೆ?”

ಅತ್ತೆ ಮಗನ ಮುಖ ನೋಡಿದರು. ಮಗ ತಟ್ಟೆ ನೋಡಿದ. ಮೊಟ್ಟೆಯನ್ನು ಎರಡು ಮಾಡಿದ, ನಾಲ್ಕು ಮಾಡಿದ, ತಿನ್ನಲಿಲ್ಲ.

“ಹೂಂ ಕಣಮ್ಮ” ಅಂದರು ಅತ್ತೆ. “ನಾನೇ ಹಾಕ್ದೆ ಅಂದ್ಕೋ. ನನ್ನ ಕುರ್ಚಿ ಜಾಗ ಕಿತ್ಕೊಂಡ್ವಲ್ಲ, ಅದಕ್ಕೆ. ಸಾಕಾ?”

“ಅಜ್ಜಿ! ನೀನಾ?” ಗುಬ್ಬಿ ಅರ್ಧ ಊಟಕ್ಕೇ ಎದ್ದು ಹೋದಳು.

ಅನುಮಾನ ನಿಜವಾದಾಗ ಮನಸ್ಸು ಹಗುರಾಗಬೇಕಿತ್ತು. ಸೊಸೆಗೆ ಹಾಗಾಗಲಿಲ್ಲ. ಬೀಗ ತೆರೆದಿತ್ತು, ಆದರೆ ತಾನು ಹಾಕಿದ ಕೀಲಿ ಬೇರೆ ಯಾವುದೋ ಮನೆಯದೆನ್ನುವ ಹಾಗೆ ಅನಿಸಿತು.

ಮರುದಿನ ಅತ್ತೆ, ತಮ್ಮ ಮಗಳ ಮನೆಗೆ ಹೋಗುತ್ತೇನೆಂದು ಹೇಳಿ ಅಟ್ಟದಿಂದ ಚೀಲ ಇಳಿಸಿದರು. ಮಗಳದು ಅಂಗಡಿಯ ಮೇಲಿನ ಎರಡು ಕೋಣೆ, ತುಂಬಿದ ಸಂಸಾರ. ಅಲ್ಲಿ ಅವರು ಮಲಗುವುದಾದರೆ ಓಡಾಡುವ ಜಾಗದಲ್ಲೇ ಮಲಗಬೇಕು. “ವಾರದ ಕೊನೆಗೆ ಬಂದು ಕರ್ಕೊಂಡು ಹೋಗ್ತಾಳೆ” ಎಂದರು, ಸೀರೆ ಮಡಿಸುತ್ತ. ಗುಬ್ಬಿ ಅಜ್ಜಿಯ ಹತ್ತಿರ ಮಾತು ಬಿಟ್ಟಳು. ಚಹಾ ಲೋಟವನ್ನು ಟಕ್ಕೆಂದು ಇಟ್ಟು ಹೋಗುತ್ತಿದ್ದಳು. ಗಂಡ ಬೇಗ ಹೋಗಿ ತಡವಾಗಿ ಬರುತ್ತಿದ್ದ. ಬಂದವನೇ ಬಚ್ಚಲಿಗೆ ನುಗ್ಗುತ್ತಿದ್ದ. ಅಂಗಿ ಬಕೆಟ್ಟಿನಲ್ಲಿರುತ್ತಿತ್ತು. ಸೊಸೆ ಅದ್ದಿ, ಎತ್ತಿ, ಹಗ್ಗಕ್ಕೆ ಹಾಕುತ್ತಿದ್ದಳು.

ಅತ್ತೆ ಬಾಲ್ಕನಿಯ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಆದರೂ ಜೇನು ಮೊದಲಿಗಿಂತ ಹೆಚ್ಚು ಸತ್ತವು.

ಸೊಸೆ ಮೊದಲ ದಿನ, ಹಿಂದೆ ಹಾಕಿದ್ದರ ವಿಷ ಉಳಿದಿರಬೇಕು ಅಂದುಕೊಂಡಳು. ಎರಡನೇ ದಿನ ಮುದುಕಿ ಕಣ್ತಪ್ಪಿಸಿ ಹೋಗಿರಬೇಕು ಅಂದುಕೊಂಡಳು. ಮೂರನೇ ದಿನ ಬಾಲ್ಕನಿಯ ಬಾಗಿಲಿಗೆ ತಾನೇ ಅಡ್ಡ ಮಲಗಿದಳು. ಬೆಳಿಗ್ಗೆ ಯಾರೂ ದಾಟಿರಲಿಲ್ಲ. ಬಿಸಿಲೇರುವ ಹೊತ್ತಿಗೆ ಕಾಮಕಸ್ತೂರಿಯ ಬುಡದಲ್ಲಿ ಮತ್ತೆ ಜೇನು ಬಿದ್ದಿದ್ದವು. ತಪ್ಪು ಒಪ್ಪಿಕೊಂಡವರು ತಪ್ಪು ಮಾಡಿರಲಿಲ್ಲ. ಹಾಗಾದರೆ ಒಪ್ಪಿಕೊಂಡದ್ದೇಕೆ?

ಅದೇ ದಿನ ಗಂಡ ಕೆಲಸದಿಂದ ಬೇಗ ಬಂದ. ಮೈ ಸುಡುತ್ತಿತ್ತು. ಬಂದವನೇ ಮಲಗಿ, ಕೆಮ್ಮಿ ಕೆಮ್ಮಿ ನಿದ್ದೆ ಹೋದ. ಸಂಜೆ ಸೊಸೆ ಹೊಲಿದ ಪರದೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಪೆಟ್ಟಿಗೆ ಹೇಗೂ ಕಾದಿದೆ, ನಾಳೆಗೆಂದು ಅವನ ಇನ್ನೊಂದು ಅಂಗಿಗೂ ಹಾಕಿಬಿಡೋಣವೆಂದು ಹಗ್ಗದಿಂದ ತೆಗೆದು ಹಲಗೆಯ ಮೇಲೆ ಹರಡಿದಳು.

ಕೈ ಅಲ್ಲೇ ನಿಂತಿತು.

ಬಟ್ಟೆ ನೋಡಿ ಮೈ ಹೇಳುವ ಕೆಲಸದಲ್ಲೇ ಅವಳ ಅರ್ಧ ಆಯಸ್ಸು ಕಳೆದಿತ್ತು. ಮೇಜಿನ ಮುಂದೆ ಕೂತವನ ಅಂಗಿ ಮೊಣಕೈಯಲ್ಲಿ ಸವೆಯುತ್ತದೆ. ಇದರ ಮೊಣಕೈ ಅಂಗಡಿಯಿಂದ ತಂದ ಹಾಗೇ ಇತ್ತು. ಸವೆದದ್ದು ಹೆಗಲು. ಎರಡೂ ಹೆಗಲ ಮೇಲೆ ಮೂರು ಬೆರಳಗಲದ ಒಂದೊಂದು ಪಟ್ಟಿ, ಆಚೆಯ ಬೆಳಕು ಕಾಣುವಷ್ಟು ತೆಳು. ಹೊಲಿಗೆ ಹಿಂದಕ್ಕೆ ಜಗ್ಗಿಹೋಗಿತ್ತು, ಭಾರವಾದ ಏನನ್ನೋ ದಿನವಿಡೀ ನೇತುಹಾಕಿಕೊಂಡ ಹಾಗೆ. ಸೊಂಟದ ಮೇಲೆ ಬೆನ್ನಿನುದ್ದಕ್ಕೂ ಹಳದಿ ಕಲೆ.

ನೀರು ಚಿಮುಕಿಸಿ ಪೆಟ್ಟಿಗೆ ಒತ್ತಿದಳು. ಬಿಸಿಗೆ ಹಬೆ ಎದ್ದಿತು, ಹಬೆಯ ಜೊತೆ ವಾಸನೆ ಎದ್ದಿತು. ಗುಬ್ಬಿ ತೊಟ್ಟಿಲಲ್ಲಿದ್ದಾಗ ಅವನ ಕತ್ತಿನಲ್ಲಿ, ದಿಂಬಿನಲ್ಲಿ, ಎಷ್ಟು ಮಿಂದರೂ ಹೋಗದೆ ಕೂತಿದ್ದ ಅದೇ ವಾಸನೆ.

ಟ್ಯಾಂಕ್ ಮತ್ತೆ ಬೆನ್ನಿಗೆ ಹತ್ತಿತ್ತು. ಎಂದಿನಿಂದಲೋ. ಸೂಪರ್‌ವೈಸರ್ ಆದ ಮೇಲೆ ಅಲ್ಲೇ ಕಳಚಿಡುವ ಕೆಲಸದ ಬಟ್ಟೆ ಕೊಡುತ್ತಿರಲಿಲ್ಲವೇನೋ, ಅದಕ್ಕೇ ಸೂಪರ್‌ವೈಸರನ ಅಂಗಿಯ ಮೇಲೇ ಹೊತ್ತುಕೊಳ್ಳುತ್ತಿದ್ದ. ಇಸ್ತ್ರಿಗೂ ಯಾರ ಕೈಗೂ ಕೊಡದೆ ತಾನೇ ಹಾಕಿಕೊಳ್ಳುತ್ತಿದ್ದ.

ಅವಳು ಅಂಗಿಯನ್ನು ಬಾಲ್ಕನಿಗೆ ಒಯ್ದು ದಿನಾ ಹಾಕುವ ಜಾಗದಲ್ಲೇ ಹಗ್ಗಕ್ಕೆ ಹಿಡಿದಳು. ಅದರ ಅಂಚು ಕಾಮಕಸ್ತೂರಿಯ ನೆತ್ತಿಯ ಮೇಲೆ ಸರಿಯಾಗಿ ಬಂತು. ತೊಟ್ಟು ತೊಟ್ಟಾಗಿ ಇಳಿದದ್ದು ಹೂವಿಗೇ. ಕೆಲಸವಿಲ್ಲದ ರಜೆಯ ಸಂಜೆ ಅಂಗಿಯೂ ಇಲ್ಲ, ಮರುದಿನ ಸಾವೂ ಇಲ್ಲ. ವಿಷ ಹಾಕಿದ ಕೈ ತನ್ನದೇ. ಮಗ್ಗು ಹಿಡಿದ ಕೈ ಅದನ್ನು ತೊಳೆಯುತ್ತಿತ್ತು.

ಹಿಂದೆ ಸದ್ದಾಯಿತು. ಬಾಗಿಲಲ್ಲಿ ಅತ್ತೆ.

“ಸುಟ್ಟ ವಾಸನೆ ಬಂದಂಗಾಯ್ತು.”

“ಏನೂ ಸುಟ್ಟಿಲ್ಲ ಅತ್ತೆ.”

“ಹೂಂ.” ಅತ್ತೆಯ ಮಂಜುಗಣ್ಣು ಅಂಗಿಯ ಕಡೆಗೇ ಇತ್ತು. “ಅದನ್ನ ಬೇರೆ ಬಕೆಟ್ಟಲ್ಲಿ ಸೋಪು ಹಾಕಿ ಒಗಿ. ಗುಬ್ಬಿ ಬಟ್ಟೆ ಜೊತೆ ಹಾಕ್ಬೇಡ.”

“ಆಗ್ಲಿ.”

“ಗಂಡಸು ಮನೇಲಿ ದೊಡ್ಡೋನಾಗಿ ಇರ್ಲಿ ಅಂತ...” ಎಂದವರು ಮಾತು ಮುಗಿಸದೆ ಒಳಗೆ ಹೋದರು.

ಮರುದಿನದ ಊಟಕ್ಕೆ ಸೊಸೆ ಬಳ್ಳಿಯ ಮೊದಲ ಸೌತೆಕಾಯಿ ಕೊಯ್ದು ಬಿಲ್ಲೆ ಮಾಡಿದಳು. ಜ್ವರ ಬಿಟ್ಟ ಗಂಡ ಗೋಡೆಗೊರಗಿ ಕೂತಿದ್ದ. ಮೊದಲ ಬಿಲ್ಲೆಯನ್ನು ಅತ್ತೆಯ ತಟ್ಟೆಗೆ ಹಾಕಿ ಅವಳು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. “ಜೇನು ಸತ್ತಿದ್ದು ನನ್ನಿಂದ. ನೆಲ ಒರೆಸೋ ಔಷಧಿ ನೀರು ಮಿಕ್ಕಿದ್ದನ್ನ ನಾನೇ ಕುಂಡಕ್ಕೆ ಸುರೀತಿದ್ದೆ. ಅತ್ತೆ ಅದನ್ನ ತೊಳೀತಿದ್ರು. ನಾನು ಅವರ ಮೇಲೇ ಹಾಕ್ದೆ. ತಪ್ಪಾಯ್ತು ಅತ್ತೆ.”

ಗುಬ್ಬಿ ಬಾಯಿ ಬಿಟ್ಟಳು. “ಮತ್ತೆ ಅಜ್ಜಿ ಯಾಕೆ ಒಪ್ಕೊಂಡ್ಳು?”

“ನಿಮ್ಮಮ್ಮ ಅಷ್ಟು ಜೋರು ಮಾಡಿದ್ರೆ ಕೊಲೆ ಕೇಸೂ ಒಪ್ಕೋತೀನಿ ಕಣೇ” ಎಂದರು ಅತ್ತೆ. ಗುಬ್ಬಿ ಅಜ್ಜಿಯ ಕತ್ತು ತಬ್ಬಿಕೊಂಡಳು. “ಬಿಡೇ, ಸೌತೆಕಾಯಿ ಗಂಟಲಿಗೆ ಸಿಕ್ಕೊಳುತ್ತೆ!”

ಗಂಡ ಮಾತ್ರ ಹೆಂಡತಿಯನ್ನೇ ನೋಡುತ್ತಿದ್ದ.

“ನನ್ನ ಅಂಗಿ ಹಗ್ಗದ ಮೇಲೆ ಕಾಣ್ಲಿಲ್ಲ?”

“ಬಚ್ಚಲಲ್ಲಿ ಒಣಗ್ತಿದೆ. ಬಿಸಿಲಿಗೆ ಬಣ್ಣ ಹೋಗ್ತಿತ್ತು. ಹೆಗಲ ಹತ್ರ ಒಳಗಿಂದ ಬಟ್ಟೆ ಕೊಟ್ಟು ಹೊಲಿದಿದ್ದೀನಿ.”

ಅವನ ಕೈ ಹೆಗಲ ಕಡೆ ಏಳಹೋಗಿ, ಅರ್ಧದಲ್ಲೇ ತಟ್ಟೆಗೆ ಇಳಿಯಿತು. “ಹೂಂ” ಅಂದ. ಆಮೇಲೆ ಒಂದು ಬಿಲ್ಲೆ ಬಾಯಿಗಿಟ್ಟು, “ಚೆನ್ನಾಗಿದೆ” ಅಂದ. ಏನು ಚೆನ್ನಾಗಿದೆ ಎಂದು ಅವಳು ಕೇಳಲಿಲ್ಲ.

ಅತ್ತೆಯ ಚೀಲ ಮತ್ತೆ ಅಟ್ಟಕ್ಕೆ ಏರಿತು. ಕುಂಡಗಳನ್ನು ಒತ್ತರಿಸಿ ಸೊಸೆ ಕುರ್ಚಿಗೆ ಜಾಗ ಮಾಡಿದಳು. ಹಳೆಯ ಹೂವನ್ನೆಲ್ಲ ಚಿವುಟಿ ತೆಗೆದು ಹಾಕಿದ್ದರಿಂದ ಕೆಲವು ದಿನ ಬಾಲ್ಕನಿ ಬೋಳಾಗಿ ಕಂಡಿತು. ಮತ್ತೆ ಹೂ ಬಿಟ್ಟ ಬೆಳಿಗ್ಗೆ ಅವಳು ಪೊರಕೆ ಹಿಡಿದು ಪುದೀನದ ಹಿಂದೆ ಬಗ್ಗಿದಳು. ದಾರದ ತುಣುಕು, ಕೂದಲು, ಒಣಗಿದ ಎಲೆ. ಬೇರೇನೂ ಉರುಳಿ ಬರಲಿಲ್ಲ. ತಲೆಯ ಮೇಲೆ ಎಲ್ಲೋ ಗುಂಯ್ಯೆನ್ನುತ್ತಿತ್ತು.

ಗಂಡ ಆಗಲೇ ಹೊರಟು ಹೋಗಿದ್ದ, ಅದೇ ಅಂಗಿಯಲ್ಲಿ, ಗೆರೆ ನೆಟ್ಟಗೆ ಇಟ್ಟುಕೊಂಡು.

ಸೊಸೆ ಕೈ ತೊಳೆದು, ಇಸ್ತ್ರಿಯಾದ ಪರದೆಗಳನ್ನು ಚೀಲಕ್ಕೆ ಜೋಡಿಸಿದಳು.

“ಅಂಗಡಿಗೆ ಕೊಟ್ಟು ಬಂದುಬಿಡ್ತೀಯಲ್ಲ?” ಕುರ್ಚಿಯಿಂದ ಅತ್ತೆ ಕೂಗಿದರು.

“ಸ್ವಲ್ಪ ತಡ ಆಗ್ಬಹುದು ಅತ್ತೆ. ಅನ್ನ ಮಾಡಿಟ್ಟಿದ್ದೀನಿ.”

“ಯಾಕೆ ತಡ?”

“ಎಣಿಸ್ಕೊಳೋಕೆ ಅವಳಿಗೆ ಹೊತ್ತು ಬೇಕಲ್ಲ.”

ಚಪ್ಪಲಿ ಮೆಟ್ಟಿದವಳು ಮತ್ತೆ ಒಳಗೆ ಬಂದಳು. ಹೊಲಿಗೆ ಯಂತ್ರದ ಖಾನೆ ಎಳೆದು, ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯನ್ನು ತೆಗೆದು, ಹಳೆಯ ಬಟ್ಟೆಯ ತುಂಡಿನಲ್ಲಿ ಸುತ್ತಿ ಚೀಲದ ತಳಕ್ಕೆ ಇಟ್ಟಳು. ಹೊಲಿದು ಮುಗಿಸಿದ ಪರದೆ ಕೊಟ್ಟು ಬರುವವಳಿಗೆ ಕತ್ತರಿ ಬೇಕಿರಲಿಲ್ಲ. ಚೀಲವನ್ನು ಹೆಗಲಿಗೆ ಏರಿಸಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು.